ರಥದಿಂದ ಇಳಿದವನ ಮಾತು

ನಮ್ಮೂರು ಕಮಲಾಪುರದ ಬಯಲಾಟದಲ್ಲಿ ನನಗೆ ಸಿಕ್ಕಿದ್ದು ಶಲ್ಯನ ಪಾತ್ರ. ದನಿ ಇತ್ತು, ಎತ್ತರ ಇರಲಿಲ್ಲ; ಕರ್ಣನ ಕಿರೀಟ, ಭುಜಕೀರ್ತಿ ಬೇರೆಯವರ ಪಾಲಾದವು. ರಥವೆಂದರೆ ಎರಡು ಬೆಂಚು. ಕರ್ಣನ ಬಾಣ ಗುರಿ ತಪ್ಪಿ, ನಾನು ಸಿಟ್ಟಿನಿಂದ ಬೆಂಚು ಇಳಿದಾಗ ಮುಂದೆ ಕೂತಿದ್ದ ಮುದುಕಿಯೊಬ್ಬಳು ಕೂಗಿದಳು: ‘ಏ ತಮ್ಮಾ, ಅವನ್ನ ಒಬ್ಬನ್ನ ಬಿಟ್ಟು ಹೋಗಬ್ಯಾಡೋ!’

ಆ ಕೂಗು ಇನ್ನೂ ಕಿವಿಯಲ್ಲಿದೆ.

ಕರ್ಣ ಕುಂತಿ ಹೊಳೆಗೆ ಬಿಟ್ಟ ಕೂಸು. ಸಾಕಿದವರು ಸೂತ ಅಧಿರಥ ಮತ್ತು ರಾಧೆ. ಸೂತನೆಂದರೆ ರಥ ಹೊಡೆಯುವ ಕಸುಬಿನವನು. ದುರ್ಯೋಧನ ಅಂಗರಾಜ್ಯ ಕೊಟ್ಟ ಮೇಲೂ ‘ಸೂತಪುತ್ರ’ ಎಂಬ ಮಾತು ಬೆನ್ನು ಬಿಡಲಿಲ್ಲ. ಯುದ್ಧದ 17ನೇ ದಿನ ಅವನಿಗೆ ಸಾರಥಿಯಾದವನು ಮದ್ರದ ದೊರೆ ಶಲ್ಯ, ನಕುಲ ಸಹದೇವರ ಸೋದರಮಾವ. ಸೂತನ ಮಗನಿಗೆ ಅರಸನಾದ ನಾನು ಸಾರಥಿಯೇ ಎಂಬ ಉರಿ ಒಂದು ಕಡೆ. ಕರ್ಣನ ಹುರುಪು ಕುಗ್ಗಿಸುವೆನೆಂದು ಧರ್ಮರಾಯನಿಗೆ ಕೊಟ್ಟ ಮಾತು ಇನ್ನೊಂದು ಕಡೆ.

ಕರ್ಣ ಬಿಟ್ಟ ಸರ್ಪಾಸ್ತ್ರ ಅರ್ಜುನನ ಕಿರೀಟವನ್ನಷ್ಟೇ ಹಾರಿಸುತ್ತದೆ. ಅದೇ ಬಾಣವನ್ನು ಮತ್ತೆ ತೊಡಲು ಕರ್ಣ ಒಪ್ಪುವುದಿಲ್ಲ. ವ್ಯಾಸಭಾರತದ ಶಲ್ಯ ಕೊನೆಯವರೆಗೂ ರಥದಲ್ಲೇ ಇರುತ್ತಾನೆ. ಕುಮಾರವ್ಯಾಸನ ಶಲ್ಯ ಇಳಿದು ನಡೆಯುತ್ತಾನೆ. ನಾನು ಇಳಿದದ್ದು ಕುಮಾರವ್ಯಾಸನ ರಥದಿಂದ.

ಕರ್ಣನ ಕಥೆಗೆ ನಮ್ಮ ಕಡೆಯ ನಂಟೂ ಇದೆ. ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅವರ ಸಾಮಂತ ಅರಿಕೇಸರಿಯನ್ನೇ ಅರ್ಜುನನಾಗಿಸಿ ಪಂಪ ಹತ್ತನೇ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ. ಅನ್ನ ಕೊಟ್ಟ ದೊರೆ ಅರ್ಜುನ. ಆದರೂ ಕವಿಯ ಮನಸ್ಸು ಕರ್ಣನ ಕಡೆಗೇ ವಾಲಿತು. ಆ ಮುದುಕಿ ಪಂಪನನ್ನು ಓದಿದವಳಲ್ಲ. ಅವಳ ಮನಸ್ಸೂ ಅತ್ತಲೇ ವಾಲಿತ್ತು.

ಈಗ ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಊರ ಕಡೆಯಿಂದ ಕೆಂಪು ಬಾಳೆ ಹೇರಿಕೊಂಡು ಬರುವ ಗಾಡಿಗಳೂ ಇಲ್ಲಿ ನಿಲ್ಲುತ್ತವೆ. ಮಳೆಗಾಲದಲ್ಲಿ ಎರೆಮಣ್ಣಿಗೆ ಗಾಲಿ ಸಿಕ್ಕರೆ ಬಿಡುವುದಿಲ್ಲ. ಆಗ ಚಾಲಕ ಸ್ಟೇರಿಂಗ್ ಬಿಟ್ಟು ಕೆಸರಿಗಿಳಿದು ಗಾಲಿಗೆ ಭುಜ ಕೊಡುತ್ತಾನೆ. ಅವನನ್ನು ನೋಡಿದಾಗಲೆಲ್ಲ ನನಗೆ, ನೆಲದಲ್ಲಿ ಹೂತ ರಥದ ಗಾಲಿ ಎತ್ತಲು ತಾನೇ ಇಳಿದ ಕರ್ಣನ ನೆನಪು.

ಎಲ್ಲರೂ ಅವನ ದಾನ, ಕವಚ ಕುಂಡಲ ಹೊಗಳುತ್ತಾರೆ. ನನಗೆ ಕಾಣುವ ವೀರ ಬೇರೆ. ಬದುಕಿಡೀ ಯಾವ ಕಸುಬಿನ ಹೆಸರಿನಲ್ಲಿ ಹಂಗಿಸಿಕೊಂಡನೋ, ಕೊನೆಯ ಗಳಿಗೆಯಲ್ಲಿ ಅದೇ ಕಸುಬಿಗೆ ಕೈಹಾಕಿದ. ರಾಜ ಇಳಿದು ಹೋದ. ಅಧಿರಥನ ಮಗ ಗಾಲಿ ಹಿಡಿದ.

ಒಬ್ಬನೇ ಬರುವ ಚಾಲಕನ ಗಾಡಿ ಸಿಕ್ಕಿಬಿದ್ದರೆ, ಅಂಗಡಿ ಹುಡುಗನ ಕೈಗೆ ಬಿಟ್ಟು ನಾನೇ ಜಾಕ್ ಹಿಡಿದು ಹೊರಡುತ್ತೇನೆ. ಮುದುಕಿಗೆ ಅಂದು ಉತ್ತರ ಕೊಟ್ಟಿರಲಿಲ್ಲ.