ಹಳೆಯ ಲಾರಿಗಳ ಕ್ಯಾಬಿನ್ ಹೀಟರ್: ಬಿಸಿ ಕುಗ್ಗಲು ಕಾರಣಗಳು ಮತ್ತು ತಪಾಸಣಾ ಕ್ರಮ

ಚಳಿಗಾಲದಲ್ಲಿ ಕಾಶ್ಮೀರ, ಹಿಮಾಚಲ ಪ್ರದೇಶಗಳ ಎತ್ತರದ ಮಾರ್ಗಗಳಲ್ಲಿ ಸಂಚರಿಸುವ ಸರಕು ವಾಹನಗಳಲ್ಲಿ ಕರ್ನಾಟಕದ ಲಾರಿಗಳೂ ಇರುತ್ತವೆ. ಬಯಲುಸೀಮೆಯಲ್ಲಿ ಹೀಟರ್‌ನ ಬಳಕೆಯೇ ಇಲ್ಲವಾದ್ದರಿಂದ ಅದರ ದೋಷ ಬೆಳಕಿಗೆ ಬರುವುದು ಘಟ್ಟ ಹತ್ತಿದ ಮೇಲೆಯೇ. ಮುಂಗಾಜಿನ ಒಳಭಾಗದಲ್ಲಿ ಕಟ್ಟುವ ಹಬೆ ಕರಗಲು ಬಿಸಿಗಾಳಿ ಬೇಕಾಗುವುದರಿಂದ ಇದು ಕೇವಲ ಚಾಲಕರ ಸೌಕರ್ಯದ ವಿಷಯವಾಗಿರುವುದಿಲ್ಲ.

ಹೀಟರ್‌ಗೆ ಪ್ರತ್ಯೇಕ ಒಲೆಯಿಲ್ಲ. ಎಂಜಿನ್ನಿನಲ್ಲಿ ಬಿಸಿಯಾದ ಕೂಲಂಟ್‌ನ ಒಂದು ಭಾಗವು ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರಿನ, ಅಂದರೆ ಹೀಟರ್ ಕೋರ್‌ನ ಮೂಲಕ ಹರಿಯುತ್ತದೆ. ಬ್ಲೋವರ್ ಅದರ ಮೇಲೆ ಗಾಳಿಯನ್ನು ಹಾಯಿಸುತ್ತದೆ. ಆದುದರಿಂದ ದೋಷವು ಎಂಜಿನ್ನಿನ ಉಷ್ಣತೆಯಲ್ಲಿ, ಕೂಲಂಟ್‌ನ ಹರಿವಿನಲ್ಲಿ ಅಥವಾ ಗಾಳಿಯಲ್ಲಿ ಇರತಕ್ಕದ್ದು.

ಮೊದಲು ಕೂಲಂಟ್‌ನ ಮಟ್ಟವನ್ನು ನೋಡತಕ್ಕದ್ದು. ಎಂಜಿನ್ ಪೂರ್ಣವಾಗಿ ತಣಿಯುವವರೆಗೆ ರೇಡಿಯೇಟರ್ ಮುಚ್ಚಳವನ್ನು ತೆರೆಯಕೂಡದು. ಒತ್ತಡದಲ್ಲಿರುವ ಬಿಸಿನೀರು ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಮಟ್ಟ ಇಳಿದಾಗ ಎತ್ತರದಲ್ಲಿರುವ ಹೀಟರ್ ಕೋರ್‌ನಲ್ಲಿ ಗಾಳಿ ತುಂಬಿ ಬಿಸಿ ಕುಗ್ಗುತ್ತದೆ. ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ, ನೆಲಹಾಸಿನ ತೇವ, ಗಾಜಿನ ಮೇಲೆ ಜಿಡ್ಡಿನ ಪದರ ಕಂಡುಬಂದಲ್ಲಿ ಕೋರ್ ಸೋರುತ್ತಿರುವ ಸಂಭವವಿದೆ. ಸೋರಿಕೆಯಿಲ್ಲದೆಯೂ ಪದೇ ಪದೇ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸುವುದು ಅವಶ್ಯ.

ಅನಂತರದ್ದು ಥರ್ಮೋಸ್ಟಾಟ್. ಎಂಜಿನ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಇದು ರೇಡಿಯೇಟರಿನ ದಾರಿಯನ್ನು ಮುಚ್ಚಿಡುತ್ತದೆ. ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಉಷ್ಣಮಾಪಕದ ಮುಳ್ಳು ನಿಧಾನವಾಗಿ ಏರುತ್ತದೆ, ಇಳಿಜಾರಿನಲ್ಲಿ ಪುನಃ ಕುಸಿಯುತ್ತದೆ. ಎಂಜಿನ್ ಕಾಯಬಾರದೆಂದು ಥರ್ಮೋಸ್ಟಾಟನ್ನೇ ತೆಗೆದುಹಾಕುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಇದು ತಪ್ಪು ಕ್ರಮ; ತಣ್ಣಗೆ ಓಡುವ ಎಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ, ಮತ್ತು ಅಂತಹ ಲಾರಿಯ ಹೀಟರ್ ಚಳಿಯಲ್ಲಿ ಎಂದಿಗೂ ಸರಿಯಾಗಿ ಕಾಯುವುದಿಲ್ಲ. ಹಳೆಯ ಲಾರಿಯನ್ನು ಕೊಂಡವರು ಆ ಭಾಗ ಇದೆಯೋ ಇಲ್ಲವೋ ಎಂಬುದನ್ನೇ ಮೊದಲು ಖಚಿತಪಡಿಸಿಕೊಳ್ಳುವುದು ಲೇಸು.

ಮುಳ್ಳು ಸರಿಯಾದ ಮಟ್ಟದಲ್ಲಿದ್ದೂ ಬಿಸಿ ಬಾರದಿದ್ದರೆ, ಹೀಟರ್ ಪೂರ್ಣವಾಗಿ ತೆರೆದಿರುವಾಗ ಕೋರ್‌ಗೆ ಹೋಗುವ ಎರಡು ಹೋಸ್‌ಗಳನ್ನು ಎಚ್ಚರಿಕೆಯಿಂದ, ಫ್ಯಾನಿನಿಂದ ಕೈ ದೂರವಿರಿಸಿ, ಮುಟ್ಟಿ ನೋಡಬಹುದು. ಎರಡೂ ಬಿಸಿಯಾಗಿದ್ದರೆ ದೋಷ ಗಾಳಿಯ ಕಡೆಯದು: ಬ್ಲೋವರ್, ಅದರ ಫ್ಯೂಸ್, ಗಾಳಿಯ ದಾರಿಯ ಕಸ ಅಥವಾ ಸಡಿಲಗೊಂಡ ಕದ. ಒಂದು ಬಿಸಿ, ಇನ್ನೊಂದು ಉಗುರುಬೆಚ್ಚಗಿದ್ದರೆ ಕೋರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಕೂಲಂಟ್‌ನ ಬದಲು ಕೊಳವೆ ಬಾವಿಯ ಗಡಸು ನೀರನ್ನೇ ವರ್ಷಗಟ್ಟಲೆ ತುಂಬಿದ ಲಾರಿಗಳಲ್ಲಿ ಸುಣ್ಣದ ಪದರ ಕಟ್ಟುವುದು ಸಹಜ. ಕಡಿಮೆ ಒತ್ತಡದ ನೀರನ್ನು ಹಿಮ್ಮುಖವಾಗಿ ಹಾಯಿಸಿ ಇದನ್ನು ತೊಳೆಯಬಹುದು. ಜೋರಾಗಿ ಹಾಯಿಸಿದರೆ ಹಳೆಯ ಕೋರ್ ಒಡೆದೀತು. ಎರಡೂ ತಣ್ಣಗಿದ್ದರೆ ತುಕ್ಕು ಹಿಡಿದ ಹೀಟರ್ ವಾಲ್ವ್, ಅದರ ಕೇಬಲ್, ಗಾಳಿಯ ತಡೆ ಹಾಗೂ ವಾಟರ್ ಪಂಪ್ ನೋಡತಕ್ಕದ್ದು.

ಬರಿಯ ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ಶುದ್ಧ ನೀರಿನ ಸಮಪಾಲು ಮಿಶ್ರಣವು ಸುಮಾರು ಮೈನಸ್ 35 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಇದು ವಿಷಕಾರಿಯಾದುದರಿಂದ ಮಕ್ಕಳು ಹಾಗೂ ಜಾನುವಾರುಗಳಿಗೆ ಎಟುಕದಂತೆ ಇಡತಕ್ಕದ್ದು.

ಹೀಟರ್ ಕೆಟ್ಟಿದೆಯೆಂದು ಮುಚ್ಚಿದ ಕ್ಯಾಬಿನ್ನಿನಲ್ಲಿ ಇದ್ದಿಲು ಒಲೆ ಅಥವಾ ಸ್ಟೌವ್ ಹೊತ್ತಿಸಿ ಮಲಗುವುದು ಪ್ರಾಣಾಪಾಯಕರ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ನಿದ್ರೆಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ. ತಲೆನೋವು, ವಾಕರಿಕೆ, ಮಂಕು ಕಂಡುಬಂದ ಕೂಡಲೇ ಬಾಗಿಲು ತೆರೆದು, ವ್ಯಕ್ತಿಯನ್ನು ಬಯಲಿಗೆ ತಂದು, 112ಕ್ಕೆ ಕರೆ ಮಾಡತಕ್ಕದ್ದು.