ಕಂಪ್ಯೂಟರ್ ಕೆಟ್ಟ ರಾತ್ರಿ ಅಮ್ಮ ಕೇಳಿದ ಪ್ರಶ್ನೆ

ಮೆಟುಚೆನ್ (ನ್ಯೂಜೆರ್ಸಿ): ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಹೊರದೇಶದಲ್ಲಿರುವ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. 2024ರ ಜುಲೈ 19, ಶುಕ್ರವಾರ ಬೆಳಿಗ್ಗೆ ಏಳಕ್ಕೆ ತಿಪಟೂರಿನಿಂದ ಅಮ್ಮನ ಫೋನ್ ಬಂದಾಗ ನಮಗೂ ಹಾಗೇ ಆಯಿತು. ಆದರೆ ಅಮ್ಮನ ಗಾಬರಿ ನಮ್ಮ ಬಗ್ಗೆ.

“ಎಲ್ಲ ಹುಷಾರಾಗಿದ್ದೀರೇನೋ? ಪ್ರಪಂಚದ ಕಂಪ್ಯೂಟರೆಲ್ಲ ನಿಂತುಹೋಗಿವೆ ಅಂತ ಟಿವಿಯಲ್ಲಿ ತೋರಿಸ್ತಿದ್ದಾರೆ. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ ತಾನೆ?”

ಮಧ್ಯಾಹ್ನದಿಂದ ಸುದ್ದಿ ನೋಡುತ್ತ, ಇಲ್ಲಿ ಬೆಳಗಾಗಲಿ ಎಂದು ಕಾದು, ಅಲ್ಲಿಯ ಸಂಜೆ ನಾಲ್ಕೂವರೆಗೆ ಕರೆ ಮಾಡಿದ್ದರು. ನಮ್ಮ ಮನೆಗೆ ಏನೂ ಆಗಿರಲಿಲ್ಲ. ನಾವಿನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ, ಸುದ್ದಿಯೂ ಗೊತ್ತಿರಲಿಲ್ಲ. ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳು ಕೆಟ್ಟು ಕೂತಿರುವ ವಿಷಯ ಮೆಟುಚೆನ್‌ನಲ್ಲಿದ್ದ ನಮಗೆ ತಿಳಿದದ್ದು ತಿಪಟೂರಿನಿಂದ!

78 ನಿಮಿಷದ ತಪ್ಪು

ಆ ದಿನ ನಡೆದದ್ದು ಇಷ್ಟು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ‘ಫಾಲ್ಕನ್’ ಎಂಬ ತಂತ್ರಾಂಶ ಮಾರುತ್ತದೆ. ಹೊಸ ಬಗೆಯ ದಾಳಿಗಳನ್ನು ಗುರುತು ಹಿಡಿಯಲು ಅದಕ್ಕೆ ಆಗಾಗ ಸಣ್ಣ ಕಡತಗಳು ಹೋಗುತ್ತಿರುತ್ತವೆ. ನಮ್ಮಲ್ಲಿ ನಡುರಾತ್ರಿ 12 ಗಂಟೆ 9 ನಿಮಿಷ, ಭಾರತದಲ್ಲಿ ಬೆಳಿಗ್ಗೆ 9.39 ಆಗಿದ್ದಾಗ ಹಾಗೆ ಹೋದ ಒಂದು ಕಡತದಲ್ಲಿ ದೋಷವಿತ್ತು. ಅದನ್ನು ಪಡೆದ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಮತ್ತೆ ಹೊತ್ತಿಸಿದರೆ ಮತ್ತೆ ನೀಲಿ ಪರದೆ.

ಕಂಪನಿ 78 ನಿಮಿಷದಲ್ಲಿ ತಪ್ಪನ್ನು ಕಂಡುಹಿಡಿದು ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಬಿದ್ದಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಜಗತ್ತಿನ ಒಟ್ಟು ವಿಂಡೋಸ್ ಕಂಪ್ಯೂಟರುಗಳಲ್ಲಿ ಇದು ಶೇ 1ಕ್ಕಿಂತ ಕಡಿಮೆ. ಆದರೆ ಅವು ವಿಮಾನ ಕಂಪನಿ, ಆಸ್ಪತ್ರೆ, ಬ್ಯಾಂಕುಗಳ ಕಂಪ್ಯೂಟರುಗಳಾಗಿದ್ದರಿಂದ ಪೆಟ್ಟು ಎಲ್ಲರಿಗೂ ಬಿತ್ತು.

ಮೆಟುಚೆನ್‌ನಿಂದ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಸುಮಾರು ಅರ್ಧ ಗಂಟೆಯ ರೈಲು ದಾರಿ. ಜುಲೈ ಎಂದರೆ ಮಕ್ಕಳಿಗೆ ಬೇಸಿಗೆ ರಜೆ, ನಮ್ಮವರು ಊರಿಗೆ ಹೋಗಿ ಬರುವ ಕಾಲ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳಾದ ಯುನೈಟೆಡ್, ಡೆಲ್ಟಾ, ಅಮೆರಿಕನ್ ಮೂರೂ ಅಂದು ಬೆಳಗಿನ ಜಾವ ಹಾರಾಟ ನಿಲ್ಲಿಸಿದ್ದವು. ಡೆಲ್ಟಾ ಒಂದೇ ಐದು ದಿನಗಳಲ್ಲಿ ಸುಮಾರು 7,000 ವಿಮಾನಗಳನ್ನು ರದ್ದು ಮಾಡಿತು. ಸದಾ ಝಗಮಗಿಸುವ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಕೆಲವು ಜಾಹೀರಾತು ಫಲಕಗಳೂ ಆರಿದ್ದವು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಚೆಕ್-ಇನ್ ತಡವಾಗಿ ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ನಾವು ಕಳಿಸಿದ ದುಡ್ಡು ಬ್ಯಾಂಕಿನಲ್ಲಿ ಭದ್ರವಾಗಿದೆಯೇ ಎಂಬ ಅಮ್ಮನ ಇನ್ನೊಂದು ಪ್ರಶ್ನೆಗೆ ರಿಸರ್ವ್ ಬ್ಯಾಂಕ್ ಅಂದೇ ಉತ್ತರ ಕೊಟ್ಟಿತ್ತು: 10 ಬ್ಯಾಂಕ್ ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಮಾತ್ರ ಸಣ್ಣಪುಟ್ಟ ಅಡಚಣೆಯಾಗಿದೆ ಎಂದು.

ಇಪ್ಪತ್ತೊಂದನೆಯ ಕಾಲಂ

ಮುಂದೆ ಆಗಸ್ಟ್ 6ರಂದು ಕ್ರೌಡ್‌ಸ್ಟ್ರೈಕ್ ತನ್ನ ತಪ್ಪಿನ ಕಾರಣವನ್ನು ಪ್ರಕಟಿಸಿತು. ನಮ್ಮಂಥ ಲೆಕ್ಕದವರಿಗೆ ಅದು ಚೆನ್ನಾಗಿ ಅರ್ಥವಾಗುವ ತಪ್ಪು. ಹೊಸ ಕಡತ 21 ಕಾಲಂಗಳ ಮಾಹಿತಿ ಕೇಳುತ್ತಿತ್ತು. ಅದನ್ನು ಓದುವ ತಂತ್ರಾಂಶಕ್ಕೆ ಸಿಗುತ್ತಿದ್ದದ್ದು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯ ಕಾಲಂ ಓದಲು ಹೋಗಿ ಕಂಪ್ಯೂಟರ್ ಮುಗ್ಗರಿಸಿತು. ಕಡತವನ್ನು ಮೊದಲೇ ತಪಾಸಣೆ ಮಾಡಬೇಕಿದ್ದ ಇನ್ನೊಂದು ತಂತ್ರಾಂಶ, ಪುಸ್ತಕ ತೆರೆಯದೆ ಸಹಿ ಹಾಕುವ ಆಡಿಟರ್ ಹಾಗೆ, ‘ಸರಿ ಇದೆ’ ಎಂದುಬಿಟ್ಟಿತ್ತು. ಮೊದಲು ಸ್ವಲ್ಪ ಕಂಪ್ಯೂಟರುಗಳಿಗೆ ಕಳಿಸಿ ನೋಡಿ, ಆಮೇಲೆ ಉಳಿದವಕ್ಕೆ ಕಳಿಸುವ ಪದ್ಧತಿ ಈ ಬಗೆಯ ಕಡತಗಳಿಗೆ ಇರಲಿಲ್ಲ. ಈಗ ಆ ಕ್ರಮ ತಂದಿದ್ದಾರೆ.

78 ನಿಮಿಷದಲ್ಲಿ ತಪ್ಪು ತಿದ್ದಿದ ಮೇಲೂ ಕೆಲಸ ದಿನಗಟ್ಟಲೆ ಏಕೆ ಎಳೆಯಿತು? ಫಾಲ್ಕನ್ ಕೂತಿರುವುದು ವಿಂಡೋಸ್‌ನ ಒಳಗರ್ಭದಲ್ಲಿ. ಕಂಪ್ಯೂಟರ್ ಕಣ್ಣು ಬಿಡುತ್ತಿದ್ದಂತೆಯೇ ಅದೂ ಶುರುವಾಗುತ್ತದೆ. ಹಾಗಾಗಿ ಇಂಟರ್‌ನೆಟ್ ಸಿಗುವ ಮೊದಲೇ ಕಂಪ್ಯೂಟರ್ ಬೀಳುತ್ತಿತ್ತು. ಇಂಟರ್‌ನೆಟ್ ಇಲ್ಲದೆ ಸರಿಯಾದ ಕಡತ ಅದನ್ನು ತಲುಪುವುದಾದರೂ ಹೇಗೆ? ಒಬ್ಬ ಮನುಷ್ಯ ಪ್ರತಿ ಕಂಪ್ಯೂಟರಿನ ಮುಂದೆ ಕೂತು, ಸೇಫ್ ಮೋಡ್‌ನಲ್ಲಿ ಹೊತ್ತಿಸಿ, ಕ್ರೌಡ್‌ಸ್ಟ್ರೈಕ್ ಫೋಲ್ಡರ್ ತೆರೆದು, ‘ಸಿ-00000291’ ಎಂದು ಶುರುವಾಗುವ ಕಡತವನ್ನು ಅಳಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಒಂದಕ್ಕೆ ಹೆಚ್ಚು ಹೊತ್ತು ಬೇಡ. ಸಾವಿರಾರು ಇದ್ದರೆ?

ಇನ್ನೂ ಒಂದು ತೊಡಕಿತ್ತು. ಹೆಚ್ಚಿನ ಕಚೇರಿಗಳು ಕಂಪ್ಯೂಟರಿನ ಡಿಸ್ಕಿಗೆ ಬೀಗ ಹಾಕಿರುತ್ತವೆ. ವಿಂಡೋಸ್‌ನಲ್ಲಿ ಇದರ ಹೆಸರು ಬಿಟ್‌ಲಾಕರ್. ಕಂಪ್ಯೂಟರ್ ಕಳುವಾದರೂ ಒಳಗಿನ ಮಾಹಿತಿ ಕಳ್ಳರಿಗೆ ಸಿಗಬಾರದೆಂದು ಈ ಬೀಗ. ಸೇಫ್ ಮೋಡ್‌ಗೆ ಹೋಗಬೇಕಾದರೆ ಅದು ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. ಕೆಲವು ಕಡೆ ಈ ಅಂಕಿಗಳನ್ನು ಇಟ್ಟಿದ್ದ ಕಂಪ್ಯೂಟರೇ ಕೆಟ್ಟಿತ್ತು. ಬೀರುವಿನ ಕೀಲಿಯನ್ನು ಬೀರುವಿನ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಆಗ ನಾವೂ ಸುದ್ದಿ ಓದಿ, ಇಷ್ಟು ದೊಡ್ಡ ಸಂಸ್ಥೆಗಳಿಗೆ ಇಷ್ಟು ಗೊತ್ತಾಗಲಿಲ್ಲವೇ ಎಂದು ನಕ್ಕಿದ್ದೆವು.

ನಮ್ಮ ಮನೆಯ ಸರದಿ

ಎಂಟು ತಿಂಗಳ ನಂತರ, 2025ರ ಮಾರ್ಚ್ ಕೊನೆಯಲ್ಲಿ, ನಗುವ ಸರದಿ ಬೇರೆಯವರದಾಯಿತು. ಇಲ್ಲಿ ಏಪ್ರಿಲ್ 15ರೊಳಗೆ ತೆರಿಗೆ ವಿವರ ಸಲ್ಲಿಸಬೇಕು. ಒಂದು ರಾತ್ರಿ ಮನೆಯ ಲ್ಯಾಪ್‌ಟಾಪ್ ಯಾವುದೋ ಅಪ್‌ಡೇಟ್ ಹಾಕಿಕೊಂಡಿತು. ಆಮೇಲೆ ಹೊತ್ತಿಸಿದರೆ ನೀಲಿ ಪರದೆ, ಮೇಲೆ 48 ಅಂಕಿಗೆ ಖಾಲಿ ಜಾಗ. ಎರಡು ಸಲ ಆರಿಸಿ ಹೊತ್ತಿಸಿದೆವು. ಅದೇ ಪರದೆ.

ಕೀಲಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬೀಗ ಹಾಕಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ಕೊಂಡ ದಿನ ಓದದೆ ‘ಸರಿ, ಸರಿ’ ಎಂದು ಒತ್ತುತ್ತ ಹೋಗಿದ್ದೆವು. ಊರವರ ಲೆಕ್ಕವನ್ನೆಲ್ಲ ತಿದ್ದುವವರ ಮನೆಯ ಸ್ಥಿತಿ ಇದು!

ತೆರಿಗೆ ಕಾಗದಗಳ ಚಿಂತೆ ಅಷ್ಟಾಗಿ ಇರಲಿಲ್ಲ. ಸಂಬಳದ ಪತ್ರ, ಬ್ಯಾಂಕಿನ ಬಡ್ಡಿ ಪತ್ರಗಳನ್ನು ಮತ್ತೆ ತರಿಸಬಹುದು. ಆದರೆ ಅದರೊಳಗೆ ಅಪ್ಪನ ಒಂದು ವಿಡಿಯೊ ಇತ್ತು. ತೀರಿಕೊಳ್ಳುವ ಎರಡು ತಿಂಗಳ ಮುಂಚೆ ತೆಂಗಿನ ತೋಟದಲ್ಲಿ ನಿಧಾನವಾಗಿ ನಡೆಯುತ್ತ, ಬದು ಎಲ್ಲಿಂದ ಎಲ್ಲಿಗೆ, ಯಾವ ಮರ ಯಾರು ನೆಟ್ಟದ್ದು, ಬೋರ್‌ವೆಲ್ ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂದು ಹೇಳಿದ್ದು. ಫೋನಿನಲ್ಲಿ ಜಾಗ ಸಾಲದೆಂದು ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸಿದ್ದೆವು. ಬೇರೆ ಪ್ರತಿ ಇರಲಿಲ್ಲ. ಕೀಲಿ ಸಿಗದಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವುದೊಂದೇ ದಾರಿ. ಕಂಪನಿಯವರೂ ಆ ಅಂಕಿಗಳನ್ನು ಹೊಸದಾಗಿ ಹುಟ್ಟಿಸಿ ಕೊಡಲಾರರು.

ಲ್ಯಾಪ್‌ಟಾಪ್ ಕೊಂಡಾಗ ಬಳಸಿದ ಖಾತೆಯಲ್ಲಿ ಕೀಲಿ ತಾನಾಗಿ ಉಳಿದಿರುವ ಸಾಧ್ಯತೆ ಇದೆ ಎಂದು ಫೋನಿನಲ್ಲಿ ಹುಡುಕಿ ತಿಳಿದುಕೊಂಡೆವು. ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ಜೊತೆಗೆ ಒಂದು ಕೋಡ್ ಕೇಳಿತು. ಕೋಡ್ ಹೋಗುವುದು ನಮ್ಮ ಹಳೆಯ ಭಾರತದ ನಂಬರಿಗೆ. ಆ ಸಿಮ್ ಈಗ ಅಮ್ಮನ ಫೋನಿನಲ್ಲಿದೆ.

ಇಲ್ಲಿ ರಾತ್ರಿ 11, ಅಲ್ಲಿ ಬೆಳಿಗ್ಗೆ ಎಂಟೂವರೆ. ಕರೆ ಮಾಡಿ, “ಅಮ್ಮ, ಒಂದು ಮೆಸೇಜ್ ಬಂದಿದೆ ನೋಡು. ಅದರಲ್ಲಿರೋ ನಂಬರ್ ಬೇಗ ಹೇಳು” ಎಂದೆವು.

ಅಮ್ಮ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ, “ಒಟಿಪಿ ಯಾರಿಗೂ ಹೇಳಬೇಡ, ಮಗ ಅಂತ ಹೇಳಿದರೂ ಹೇಳಬೇಡ ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲ. ಈಗ ದನಿ ಕೂಡ ನಕಲು ಮಾಡ್ತಾರಂತೆ” ಎಂದರು.

“ಅಮ್ಮ, ನಾನೇ ಕಣಮ್ಮ.”

“ನೀನೇ ಆದರೆ ಹೇಳು. ಹಳೇ ಮನೆ ಹಿತ್ತಲಲ್ಲಿ ಕಟ್ತಿದ್ವಲ್ಲ ಹಸು, ಅದರ ಹೆಸರೇನು?”

ಮೂವತ್ತೈದು ವರ್ಷದ ಹಿಂದಿನ ಹಸು. ನೆನಪಿಗೆ ಬರುವಷ್ಟರಲ್ಲಿ ಮೊದಲ ಕೋಡಿನ ಅವಧಿ ಮುಗಿದಿತ್ತು. ಹೆಸರು ಹೇಳಿದ ಮೇಲೆ ಅಮ್ಮ ಕನ್ನಡಕ ಹುಡುಕಿ, ಎರಡನೆಯ ಕೋಡನ್ನು ಒಂದೊಂದೇ ಅಂಕಿಯಾಗಿ ಓದಿದರು. ಖಾತೆ ತೆರೆಯಿತು, ಕೀಲಿ ಸಿಕ್ಕಿತು. ಒಬ್ಬರು ಓದುತ್ತ ಒಬ್ಬರು ಒತ್ತುತ್ತ 48 ಅಂಕಿ ಹಾಕಿದೆವು. ಬಂದ ಪಟ್ಟಿಯಲ್ಲಿ ಇತ್ತೀಚಿನ ಅಪ್‌ಡೇಟ್ ತೆಗೆದುಹಾಕುವ ಆಯ್ಕೆ ಒತ್ತಿದೆವು. ಲ್ಯಾಪ್‌ಟಾಪ್ ಎದ್ದು ಕೂರುವಾಗ ರಾತ್ರಿ ಒಂದು ಗಂಟೆ. ಮೊದಲು ಮಾಡಿದ ಕೆಲಸವೆಂದರೆ ಅಪ್ಪನ ವಿಡಿಯೊವನ್ನು ಎರಡು ಕಡೆ ನಕಲು ಮಾಡಿ, ಒಂದು ಪ್ರತಿಯನ್ನು ತಮ್ಮನಿಗೆ ಕಳಿಸಿದ್ದು.

ನಾವು ಬದಲಾಯಿಸಿಕೊಂಡದ್ದು

ಇಷ್ಟಾದ ಮೇಲೆ ಕೆಲವು ಕೆಲಸ ಮಾಡಿದ್ದೇವೆ. ಊರಿನಲ್ಲಿರುವವರಿಗೂ ಇಲ್ಲಿರುವವರಿಗೂ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇವೆ.

ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದರ 48 ಅಂಕಿಗಳನ್ನು ಕಾಗದದ ಮೇಲೆ ಬರೆದು, ಪಾಸ್‌ಪೋರ್ಟ್ ಇಡುವ ಜಾಗದಲ್ಲಿ ಇಟ್ಟಿದ್ದೇವೆ. ಮನೆಯ ಕಂಪ್ಯೂಟರಾದರೆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು, ಬೇರೆ ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಕಚೇರಿಯದಾದರೆ ಅಲ್ಲಿಯ ಐಟಿ ವಿಭಾಗದವರನ್ನೇ ಕೇಳಬೇಕು.

ಖಾತೆಗಳಿಗೆ ಇಲ್ಲಿಯ ನಂಬರನ್ನೂ ಸೇರಿಸಿದ್ದೇವೆ. ಭಾರತದ ಸಿಮ್‌ಗೆ ರೀಚಾರ್ಜ್ ತಪ್ಪಿಸುವುದಿಲ್ಲ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ನಂಬರ್ ಹೋದರೆ ಬ್ಯಾಂಕಿನ ಬಾಗಿಲೂ ಮುಚ್ಚುತ್ತದೆ.

ಮತ್ತೆ ಸಿಗದ ಕಾಗದ, ಫೋಟೊ, ವಿಡಿಯೊಗಳಿಗೆ ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಊರಿನಲ್ಲಿ ತಮ್ಮನ ಹತ್ತಿರ.

ಅಪ್‌ಡೇಟ್ ಹಾಕುವುದನ್ನು ನಿಲ್ಲಿಸಿಲ್ಲ. ಅದನ್ನು ಬಿಟ್ಟರೆ ಕಳ್ಳರಿಗೆ ದಾರಿ ಬಿಟ್ಟ ಹಾಗೆ. ಆದರೆ ತೆರಿಗೆ ತುಂಬುವ ದಿನ, ಪ್ರಯಾಣದ ಹಿಂದಿನ ರಾತ್ರಿ ಹಾಕುವುದಿಲ್ಲ. ಮುಂಚೆ ನಕಲು ತೆಗೆದಿಟ್ಟು, ಚಾರ್ಜರ್ ಸಿಕ್ಕಿಸಿ ಆಮೇಲೆ ಹಾಕುತ್ತೇವೆ.

ಕೊನೆಯದು ಊರಿನ ಹಿರಿಯರಿಗೆ. ಪರದೆ ನೀಲಿಯಾಗಿ ಅದರ ಮೇಲೆ ‘ಈ ನಂಬರಿಗೆ ಕರೆ ಮಾಡಿ’ ಎಂದು ಬಂದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶದಲ್ಲಿ ಫೋನ್ ನಂಬರ್ ಇರುವುದಿಲ್ಲ. 2024ರ ಜುಲೈನಲ್ಲೂ ಸರಿಮಾಡಿಕೊಡುತ್ತೇವೆ ಎಂದು ವಂಚಕರು ಅಂದೇ ಬಲೆ ಬೀಸಿದ್ದರು, ಅಮೆರಿಕದ ಸರ್ಕಾರವೂ ಎಚ್ಚರಿಕೆ ಕೊಟ್ಟಿತ್ತು. ಮಗ, ಮಗಳು ಎಂದು ಹೇಳಿಕೊಂಡು ಯಾರಾದರೂ ಅವಸರ ಮಾಡಿದರೆ ಒಂದು ಪ್ರಶ್ನೆ ಕೇಳಿ. ಮಕ್ಕಳು ಬೇಜಾರು ಮಾಡಿಕೊಳ್ಳುವುದಿಲ್ಲ.

ಆ ಹಸುವಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈಗ ನಮ್ಮ ಮನೆಯಲ್ಲಿ ದುಡ್ಡು, ಒಟಿಪಿ ವಿಷಯ ಬಂದರೆ ಮೊದಲು ಅದನ್ನು ಹೇಳಬೇಕು. ಮೆಟುಚೆನ್‌ನಲ್ಲೇ ಹುಟ್ಟಿ ಆ ಹಸುವನ್ನು ನೋಡದ ನಮ್ಮ ಮಗಳೂ ಅಜ್ಜಿಗೆ ಫೋನ್ ಮಾಡಲೆಂದು ಹೆಸರು ಕಲಿತಿದ್ದಾಳೆ.