ಒಂದೇ ಮನೆಯ ಗಣಕಗಳು ಮಾತು ಬಿಟ್ಟಾಗ: ವಿಂಡೋಸ್, ಮ್ಯಾಕ್, ಲಿನಕ್ಸ್ ನಡುವೆ ಕಡತ ಹಂಚಿಕೆ

ಮನೆಗೊಂದು ಗಣಕಯಂತ್ರ ಎಂಬ ಕಾಲ ಹೋಗಿ ಆಳಿಗೊಂದು ಗಣಕಯಂತ್ರ ಎಂಬ ಕಾಲ ಬಂದಿದೆ. ತಂದೆಯ ಮೇಜಿನ ಮೇಲೆ ವಿಂಡೋಸ್, ಮಗಳ ಬಳಿ ಮ್ಯಾಕ್‌ಬುಕ್, ಎಂಜಿನಿಯರಿಂಗ್ ಓದುವ ಮಗನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್. ಮೂರೂ ಒಂದೇ ವೈ-ಫೈಗೆ ಸೇರಿವೆ, ಮೂರರಲ್ಲೂ ಅಂತರಜಾಲ ಸರಾಗವಾಗಿದೆ. ಆದರೆ ಮೇಜಿನ ಗಣಕದಲ್ಲಿರುವ ಮದುವೆಯ ಛಾಯಾಚಿತ್ರಗಳನ್ನು ಪಕ್ಕದ ಕೋಣೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯಹೊರಟರೆ ಸಂಪರ್ಕ ಸಾಧ್ಯವಿಲ್ಲ ಎಂಬ ಉತ್ತರ ಬರುತ್ತದೆ. ಕೊನೆಗೆ ಪೆನ್‌ಡ್ರೈವ್ ಕೈಯಿಂದ ಕೈಗೆ ಓಡಾಡತೊಡಗುತ್ತದೆ.

ಈ ತೊಡಕನ್ನು ನಿವಾರಿಸುವ ಭರದಲ್ಲಿ ಅನೇಕರು ಫೈರ್‌ವಾಲನ್ನೇ ನಿಷ್ಕ್ರಿಯಗೊಳಿಸುತ್ತಾರೆ, ಗುಪ್ತಪದ ತೆಗೆದುಹಾಕುತ್ತಾರೆ, ಎಲ್ಲರಿಗೂ ಪೂರ್ಣ ಅಧಿಕಾರ ಕೊಡುತ್ತಾರೆ. ಕಡತ ತೆರೆದುಕೊಳ್ಳುವುದೇನೋ ನಿಜ, ಆದರೆ ಮನೆಯ ಬಾಗಿಲೂ ತೆರೆದೇ ಉಳಿಯುತ್ತದೆ. ತೊಡಕು ಎಲ್ಲಿದೆ ಎಂಬುದನ್ನು ಹಂತಹಂತವಾಗಿ ಪತ್ತೆಹಚ್ಚಿದರೆ ಇವಾವುದರ ಅಗತ್ಯವೂ ಬೀಳುವುದಿಲ್ಲ.

ಮೂರು ವ್ಯವಸ್ಥೆ, ಒಂದು ಭಾಷೆ

ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳು ಕಡತ ಹಂಚಿಕೊಳ್ಳಲು ಇಂದು ಬಳಸುವ ಸಾಮಾನ್ಯ ಭಾಷೆಯ ಹೆಸರು ಎಸ್‌ಎಂಬಿ, ಅರ್ಥಾತ್ ಸರ್ವರ್ ಮೆಸೇಜ್ ಬ್ಲಾಕ್. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯಲ್ಲಿ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಈ ನಿಯಮಾವಳಿಯನ್ನು ಮೈಕ್ರೋಸಾಫ್ಟ್ ಸ್ವೀಕರಿಸಿ ಬೆಳೆಸಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಯುನಿಕ್ಸ್ ಮಾದರಿಯ ಗಣಕಗಳಿಗಾಗಿ ಬರೆದ ತಂತ್ರಾಂಶವೇ ಮುಂದೆ ಸಾಂಬಾ ಎನಿಸಿತು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಹೆಸರದು. ಬಹುಕಾಲ ತನ್ನದೇ ನಿಯಮಾವಳಿಯನ್ನು ನೆಚ್ಚಿಕೊಂಡಿದ್ದ ಆಪಲ್ ಕೂಡ 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ಎಸ್‌ಎಂಬಿಗೇ ಆದ್ಯತೆ ನೀಡಿತು.

ಹೀಗೆ ಮೂರೂ ಒಂದೇ ಭಾಷೆಯನ್ನು ಬಲ್ಲವು. ಆದರೂ ಮಾತುಕತೆ ಮುರಿದುಬೀಳುವುದು ಮುಖ್ಯವಾಗಿ ಆರು ಕಡೆಗಳಲ್ಲಿ.

1. ಜಾಲ ಒಂದೇ ಆಗಿದೆಯೇ?

ಒಂದೇ ಮನೆಯಲ್ಲಿದ್ದ ಮಾತ್ರಕ್ಕೆ ಗಣಕಗಳು ಒಂದೇ ಜಾಲದಲ್ಲಿರಬೇಕೆಂದಿಲ್ಲ. ಅಂತರಜಾಲ ಸೇವಾ ಸಂಸ್ಥೆ ಕೊಟ್ಟ ಪೆಟ್ಟಿಗೆಯ ಜೊತೆಗೆ ಮನೆಯವರು ತಂದ ಇನ್ನೊಂದು ರೌಟರ್ ಇದ್ದರೆ ಎರಡೂ ಪ್ರತ್ಯೇಕ ಜಾಲಗಳನ್ನು ಕಟ್ಟಿಕೊಂಡಿರುವ ಸಾಧ್ಯತೆಯುಂಟು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಆದೇಶ ನೀಡಿದರೆ ಗಣಕದ ಐಪಿ ವಿಳಾಸ ಕಾಣುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಜಾಲದ ಸೆಟ್ಟಿಂಗ್ಸ್ ಪುಟದಲ್ಲೇ ಇದು ದೊರೆಯುತ್ತದೆ. ಒಂದರ ವಿಳಾಸ 192.168.1.5 ಎಂದೂ ಇನ್ನೊಂದರದು 192.168.0.7 ಎಂದೂ ಇದ್ದರೆ ಸಾಮಾನ್ಯ ಮನೆಯ ಜಾಲದ ಮಟ್ಟಿಗೆ ಅವು ಬೇರೆ ಬೇರೆ ಓಣಿಯ ನಿವಾಸಿಗಳೆಂದೇ ಅರ್ಥ. ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸುವುದು ಇದಕ್ಕೆ ಪರಿಹಾರ. ವಿಳಾಸ 169.254 ಎಂದು ಆರಂಭವಾಗಿದ್ದರೆ ಆ ಗಣಕಕ್ಕೆ ರೌಟರ್‌ನಿಂದ ವಿಳಾಸವೇ ದೊರೆತಿಲ್ಲ.

ಅತಿಥಿಗಳಿಗೆಂದು ಮೀಸಲಾದ ಗೆಸ್ಟ್ ವೈ-ಫೈಗೆ ಸೇರಿದ ಗಣಕಗಳು ಅಂತರಜಾಲವನ್ನು ಕಾಣಬಲ್ಲವು, ಆದರೆ ಸಾಮಾನ್ಯವಾಗಿ ಮನೆಯ ಇತರ ಗಣಕಗಳನ್ನು ಕಾಣಲಾರವು. ಕಚೇರಿಯ ವಿಪಿಎನ್ ಚಾಲನೆಯಲ್ಲಿರುವ ಲ್ಯಾಪ್‌ಟಾಪ್‌ಗೂ ಹಲವೊಮ್ಮೆ ಇದೇ ಗತಿ.

2. ಹೆಸರು ಕಾಣದಿದ್ದರೆ ವಿಳಾಸ

ನೆಟ್‌ವರ್ಕ್ ಪಟ್ಟಿಯಲ್ಲಿ ಇನ್ನೊಂದು ಗಣಕದ ಹೆಸರು ಕಾಣುತ್ತಿಲ್ಲ ಎಂಬುದು ಅತಿ ಸಾಮಾನ್ಯ ದೂರು. ಹೆಸರು ಕಾಣುವುದು ಬೇರೆ, ಕಡತ ಸಿಗುವುದು ಬೇರೆ. ಇಂದಿನ ವಿಂಡೋಸ್ ಡಬ್ಲ್ಯುಎಸ್-ಡಿಸ್ಕವರಿ ಎಂಬ ವಿಧಾನದಿಂದ ನೆರೆಹೊರೆಯನ್ನು ಹುಡುಕುತ್ತದೆ, ಮ್ಯಾಕ್ ಬಾನ್‌ಜೂರ್ ವಿಧಾನವನ್ನು ಬಳಸುತ್ತದೆ. ಸಾಂಬಾ ತನ್ನಷ್ಟಕ್ಕೆ ಡಬ್ಲ್ಯುಎಸ್-ಡಿಸ್ಕವರಿಗೆ ಉತ್ತರಿಸುವುದಿಲ್ಲ. ಅದಕ್ಕಾಗಿ ಲಿನಕ್ಸ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ತಂತ್ರಾಂಶವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗುತ್ತದೆ.

ಆದ್ದರಿಂದ ಪಟ್ಟಿಯನ್ನು ನಂಬದೆ ನೇರವಾಗಿ ವಿಳಾಸದಿಂದಲೇ ಪ್ರಯತ್ನಿಸುವುದು ಲೇಸು. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಐಪಿ ವಿಳಾಸ ಬರೆಯಬೇಕು. ಮ್ಯಾಕ್‌ನಲ್ಲಿ ಫೈಂಡರ್‌ನ ಗೋ ಪಟ್ಟಿಯಲ್ಲಿರುವ ಕನೆಕ್ಟ್ ಟು ಸರ್ವರ್ ಆಯ್ದು, ಎಸ್‌ಎಂಬಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಕೋಲನ್, ಎರಡು ಓರೆಗೆರೆ ಹಾಕಿ ವಿಳಾಸ ಸೇರಿಸಬೇಕು. ಲಿನಕ್ಸ್‌ನ ಕಡತ ನಿರ್ವಾಹಕದಲ್ಲೂ ಇದೇ ಕ್ರಮ. ಹೀಗೆ ಮಾಡಿದಾಗ ಕಡತಕೋಶ ತೆರೆದುಕೊಂಡರೆ ದೋಷವಿರುವುದು ಹೆಸರು ಹುಡುಕುವಿಕೆಯಲ್ಲಿ ಮಾತ್ರ. ಕಡತಗಳಿರುವ ಗಣಕಕ್ಕೆ ರೌಟರ್‌ನಲ್ಲಿ ಕಾಯಂ ವಿಳಾಸವನ್ನು ಕಾಯ್ದಿರಿಸಿದರೆ ಸಮಸ್ಯೆ ಮುಗಿಯಿತು.

3. ಫೈರ್‌ವಾಲ್ ಇರಲಿ, ಅದರಲ್ಲೊಂದು ಕಿಂಡಿ ಇರಲಿ

ವಿಳಾಸದಿಂದಲೂ ತೆರೆಯದಿದ್ದರೆ ಮುಂದಿನ ಅನುಮಾನ ಫೈರ್‌ವಾಲ್‌ನ ಮೇಲೆ. ಎಸ್‌ಎಂಬಿ ಸಂಚಾರ ನಡೆಯುವುದು 445ನೇ ಟಿಸಿಪಿ ಪೋರ್ಟ್ ಮೂಲಕ. ಇಂದಿನ ವಿಂಡೋಸ್ ಹೊಸ ವೈ-ಫೈ ಜಾಲವನ್ನು ಸಾಮಾನ್ಯವಾಗಿ ಸಾರ್ವಜನಿಕ ಎಂದು ಭಾವಿಸಿ ಹಂಚಿಕೆಯನ್ನು ತಡೆಯುತ್ತದೆ. ಮನೆಯ ಜಾಲವನ್ನು ಪ್ರೈವೇಟ್ ಎಂದು ಗುರುತಿಸಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆಯ್ಕೆಯನ್ನು ಸಕ್ರಿಯಗೊಳಿಸಿದರೆ ಸಾಕು, ಫೈರ್‌ವಾಲನ್ನು ನಿಲ್ಲಿಸಬೇಕಾಗಿಲ್ಲ. ಫೆಡೋರಾದಂತಹ ಲಿನಕ್ಸ್ ಆವೃತ್ತಿಗಳಲ್ಲಿ ಸಾಂಬಾ ಸೇವೆಗೆ ಫೈರ್‌ವಾಲ್‌ನಲ್ಲಿ ಪ್ರತ್ಯೇಕ ಅನುಮತಿ ನೀಡಬೇಕು. ಪಿಂಗ್ ಆದೇಶಕ್ಕೆ ಉತ್ತರ ಬರಲಿಲ್ಲವೆಂದು ಗಣಕ ಜಾಲದಲ್ಲೇ ಇಲ್ಲವೆಂಬ ತೀರ್ಮಾನಕ್ಕೆ ಬರಬಾರದು, ಪಿಂಗನ್ನೂ ಫೈರ್‌ವಾಲ್ ತಡೆದಿರಬಹುದು.

4. ಹಳೆಗನ್ನಡ, ಹೊಸಗನ್ನಡದ ತೊಡಕು

ಎಸ್‌ಎಂಬಿಗೂ ಆವೃತ್ತಿಗಳಿವೆ. ವಿಂಡೋಸ್ ಎಕ್ಸ್‌ಪಿ ಮತ್ತು ಅನೇಕ ಹಳೆಯ ರೌಟರ್‌ಗಳು ಬಲ್ಲದ್ದು ಮೊದಲನೆಯ ಆವೃತ್ತಿಯನ್ನು ಮಾತ್ರ. 2017ರ ಮೇ 12ರಂದು ಜಗತ್ತನ್ನು ಕಾಡಿದ ವಾನಾಕ್ರೈ ಕುತಂತ್ರಾಂಶ ಹಬ್ಬಿದ್ದು ಇದೇ ಮೊದಲ ಆವೃತ್ತಿಯನ್ನು ನಿರ್ವಹಿಸುವ ವಿಂಡೋಸ್ ತಂತ್ರಾಂಶದ ಬಿರುಕಿನಿಂದ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಅಂದು ಅಸ್ತವ್ಯಸ್ತಗೊಂಡಿತ್ತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ತೇಪೆ ನೀಡಿದ್ದರೂ ಅದನ್ನು ಅಳವಡಿಸಿಕೊಳ್ಳದ ಗಣಕಗಳು ಬಲಿಯಾದವು. 2017ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ ಮೊದಲ ಆವೃತ್ತಿಯನ್ನು ಕೈಬಿಡುವ ಕ್ರಮ ಆರಂಭವಾಯಿತು. ಸಾಂಬಾ ಕೂಡ 2019ರಲ್ಲಿ ಅದನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಿತು.

ಇನ್ನೊಂದು ಬದಲಾವಣೆ ಇತ್ತೀಚಿನದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪರಿಷ್ಕರಣೆಯ ಪ್ರೊ ಮಾದರಿ, ಸಂದೇಶಗಳಿಗೆ ಡಿಜಿಟಲ್ ಸಹಿಯನ್ನು ಕಡ್ಡಾಯಗೊಳಿಸಿ, ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನು ನಿರಾಕರಿಸುತ್ತದೆ. ರೌಟರ್‌ಗೆ ಚುಚ್ಚಿದ ಯುಎಸ್‌ಬಿ ಡಿಸ್ಕ್ ನಿನ್ನೆಯವರೆಗೆ ತೆರೆಯುತ್ತಿದ್ದು, ವಿಂಡೋಸ್ ಪರಿಷ್ಕರಣೆಯ ಮರುದಿನ ತೆರೆಯದಂತಾಗಲು ಇದೇ ಕಾರಣವಿರಬಹುದು. ಮೊದಲ ಆವೃತ್ತಿಯನ್ನು ಮರಳಿ ಚಾಲನೆಗೊಳಿಸುವ ಬದಲು ರೌಟರ್‌ನ ತಂತ್ರಾಂಶ ನವೀಕರಿಸುವುದು, ಅದು ಲಭ್ಯವಿಲ್ಲದಿದ್ದರೆ ಡಿಸ್ಕನ್ನು ಗಣಕಕ್ಕೇ ಜೋಡಿಸಿ ಅಲ್ಲಿಂದ ಹಂಚುವುದು ಸುರಕ್ಷಿತ.

5. ಯಾರ ಹೆಸರು, ಯಾವ ಗುಪ್ತಪದ?

ಗುಪ್ತಪದ ಕೇಳುವ ಪುಟದವರೆಗೆ ತಲುಪಿದರೆ ಜಾಲ ಸರಿಯಿದೆಯೆಂದೇ ಅರ್ಥ. ಅಲ್ಲಿ ನೀಡಬೇಕಾದದ್ದು ಕಡತಗಳಿರುವ ಗಣಕದ ಬಳಕೆದಾರನ ಹೆಸರು ಮತ್ತು ಗುಪ್ತಪದ. ಎದುರಿಗಿರುವ ಗಣಕದ್ದಲ್ಲ. ವಿಂಡೋಸ್‌ಗೆ ಪ್ರವೇಶಿಸಲು ನಿತ್ಯ ಬಳಸುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು. ಮೈಕ್ರೋಸಾಫ್ಟ್ ಖಾತೆಯಾದರೆ ಇ-ಮೇಲ್ ವಿಳಾಸ ಮತ್ತು ಆ ಖಾತೆಯ ಗುಪ್ತಪದ ಬೇಕು. ಗುಪ್ತಪದವೇ ಇಲ್ಲದ ಸ್ಥಳೀಯ ಖಾತೆಯಿಂದ ಜಾಲದ ಮೂಲಕ ಪ್ರವೇಶಿಸಲು ವಿಂಡೋಸ್ ಪೂರ್ವನಿಯೋಜಿತವಾಗಿ ಬಿಡುವುದಿಲ್ಲ. ಹಂಚಿಕೆಗೆಂದೇ ಗುಪ್ತಪದವುಳ್ಳ ಪ್ರತ್ಯೇಕ ಸ್ಥಳೀಯ ಖಾತೆಯೊಂದನ್ನು ತೆರೆಯುವುದು ಸುಲಭೋಪಾಯ.

ಸಾಂಬಾ ತನ್ನದೇ ಗುಪ್ತಪದ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಲಿನಕ್ಸ್ ಬಳಕೆದಾರನನ್ನು ಎಸ್‌ಎಂಬಿಪಾಸ್‌ಡಬ್ಲ್ಯುಡಿ ಆದೇಶದ ಮೂಲಕ ಆ ಪಟ್ಟಿಗೆ ಸೇರಿಸದಿದ್ದರೆ ಸರಿಯಾದ ಗುಪ್ತಪದವೂ ತಿರಸ್ಕೃತವಾಗುತ್ತದೆ. ಮ್ಯಾಕ್‌ನಲ್ಲಿ ಫೈಲ್ ಶೇರಿಂಗ್‌ನ ಆಯ್ಕೆಗಳ ಪುಟದಲ್ಲಿ ವಿಂಡೋಸ್ ಫೈಲ್ ಶೇರಿಂಗ್ ಎಂಬ ವಿಭಾಗವಿದ್ದು, ಅಲ್ಲಿ ಖಾತೆಯ ಹೆಸರಿನ ಮುಂದೆ ಗುರುತು ಹಾಕಬೇಕಾಗಬಹುದು. ಒಮ್ಮೆ ತಪ್ಪಾಗಿ ಉಳಿಸಿಕೊಂಡ ಗುಪ್ತಪದವನ್ನೇ ವಿಂಡೋಸ್ ಮತ್ತೆ ಮತ್ತೆ ಕಳುಹಿಸುತ್ತಿದ್ದರೆ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ಅದನ್ನು ಅಳಿಸಬೇಕು.

6. ಎರಡು ಬೀಗ, ಎರಡು ಕೀಲಿ

ಒಳಗೆ ಹೋದರೂ ಕಡತ ತೆರೆಯದಿದ್ದರೆ ಅಥವಾ ಉಳಿಸಲಾಗದಿದ್ದರೆ ಅದು ಅನುಮತಿಯ ಪ್ರಶ್ನೆ. ಹಂಚಿಕೆಯ ಅನುಮತಿ ಒಂದಾದರೆ, ಡಿಸ್ಕಿನಲ್ಲಿರುವ ಕಡತಕೋಶದ ಅನುಮತಿ ಇನ್ನೊಂದು. ಎರಡರಲ್ಲಿ ಹೆಚ್ಚು ಬಿಗಿಯಾದದ್ದೇ ಅಂತಿಮ. ಸಾಂಬಾದಲ್ಲಿ ಬರೆಯಲು ಅವಕಾಶ ನೀಡಿದ್ದರೂ ಲಿನಕ್ಸ್ ಕಡತಕೋಶ ಆ ಬಳಕೆದಾರನಿಗೆ ಮುಚ್ಚಿದ್ದರೆ ಪ್ರಯೋಜನವಿಲ್ಲ. ಉಬುಂಟು 2021ರ 21.04 ಆವೃತ್ತಿಯಿಂದ ಹೊಸದಾಗಿ ಸೃಷ್ಟಿಯಾಗುವ ಬಳಕೆದಾರರ ಹೋಮ್ ಕೋಶಗಳನ್ನು ಇತರರಿಗೆ ಮುಚ್ಚಿಯೇ ಇಡುತ್ತದೆ. ಹಂಚಬೇಕಾದ ಕಡತಗಳನ್ನು ಹೋಮ್ ಕೋಶದ ಹೊರಗೆ ಇರಿಸುವುದು ಲೇಸು.

ಕನ್ನಡದ ಹೆಸರು, ಕನ್ನಡದ ಕಡತ

ಕನ್ನಡಿಗರಿಗೂ ಎದುರಾಗುವ ತೊಡಕೊಂದಿದೆ. ಯುನಿಕೋಡ್‌ನಲ್ಲಿ 'ಕೊ', 'ಕೋ', 'ಕೀ' ಮುಂತಾದವುಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತದೆ. ಆದ್ದರಿಂದ 'ಫೋಟೋ' ಎಂಬ ಒಂದೇ ಹೆಸರಿನ ಎರಡು ಕೋಶಗಳು ಅಕ್ಕಪಕ್ಕ ಕಾಣಿಸಿಕೊಳ್ಳಬಹುದು, ಹುಡುಕಿದರೆ ಒಂದು ಸಿಗದೆಯೂ ಹೋಗಬಹುದು. ಹೆಸರನ್ನು ಮತ್ತೊಮ್ಮೆ ಟೈಪಿಸಿ ಬದಲಿಸಿದರೆ ಇದು ಸರಿಹೋಗುತ್ತದೆ. ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ಕಡತ ಇನ್ನೊಂದು ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಅದು ಜಾಲದ ದೋಷವಲ್ಲ. ಅಲ್ಲಿ ಆ ಅಕ್ಷರಶೈಲಿ ಇಲ್ಲ, ಅಷ್ಟೆ.

ಹಂಚಿಕೆಯೇ ರಕ್ಷಣೆಯಲ್ಲ

ಹಂಚಿದ ಕೋಶದಲ್ಲಿ ಛಾಯಾಚಿತ್ರಗಳಿದ್ದ ಮಾತ್ರಕ್ಕೆ ಅವು ಸುರಕ್ಷಿತವೆಂದು ಭಾವಿಸಬಾರದು. ಕಡತಗಳನ್ನು ಒತ್ತೆಯಿಡುವ ಕುತಂತ್ರಾಂಶ ಮನೆಯ ಒಂದು ಗಣಕಕ್ಕೆ ಹೊಕ್ಕರೆ, ಆ ಗಣಕಕ್ಕೆ ಬರೆಯುವ ಅಧಿಕಾರವಿರುವ ಹಂಚಿಕೆಯ ಕೋಶಗಳನ್ನೂ ಅದು ಬಿಡುವುದಿಲ್ಲ. ಮಕ್ಕಳ ಬಾಲ್ಯದ ಚಿತ್ರಗಳು, ಮನೆಪತ್ರಗಳ ಪ್ರತಿಗಳು ಇರುವ ಕೋಶಕ್ಕೆ ಓದುವ ಅಧಿಕಾರ ಮಾತ್ರ ನೀಡುವುದು, ಬರೆಯಲು ಬೇರೊಂದು ಕೋಶವನ್ನಿಡುವುದು ವಿವೇಕ. ಅವುಗಳ ಇನ್ನೊಂದು ಪ್ರತಿ ಯಾವ ಗಣಕಕ್ಕೂ ಜೋಡಿಸದ ಡಿಸ್ಕಿನಲ್ಲಿ ಕಪಾಟಿನೊಳಗಿರಲಿ.